ಅಜ್ಜಿ ಕಾಲದ ಹೊಲಿಗೆ ಮಷೀನ್: ಪಾರ್ಟ್ಸ್ ಹುಡುಕಿ ರಿಪೇರಿ ಮಾಡುವುದು ಹೇಗೆ?

ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು: "ಅಟ್ಟದ ಮೇಲೆ ಅಜ್ಜಿಯ ಹೊಲಿಗೆ ಮಷೀನ್ ಇದೆ. ಚಕ್ರ ತಿರುಗ್ತಿಲ್ಲ. ಇದಕ್ಕೆ ಈಗಲೂ ಪಾರ್ಟ್ಸ್ ಸಿಗುತ್ತಾ? ಇಲ್ಲಾ ಗುಜರಿಗೆ ಹಾಕಿಬಿಡೋದಾ?"

ದಯವಿಟ್ಟು ಗುಜರಿಗೆ ಹಾಕಬೇಡಿ. ಕಪ್ಪು ಬಣ್ಣದ, ಕಬ್ಬಿಣದ ಮೈಯ, ನೇರ ಹೊಲಿಗೆ ಮಾತ್ರ ಹಾಕುವ ಮಷೀನ್ ಆಗಿದ್ದರೆ ಅದು ಕೆಟ್ಟಿರುವುದಕ್ಕಿಂತ ಒಳಗೆ ಕೊಳೆ ಕಟ್ಟಿರುವ ಸಾಧ್ಯತೆಯೇ ಜಾಸ್ತಿ. ಪಾರ್ಟ್ಸ್ ಕೂಡ ಸಿಗುತ್ತವೆ. ಸಿಂಗರ್ ಕಂಪನಿಯ '15 ಕ್ಲಾಸ್' ಎನ್ನುವ ಮಾದರಿ 19ನೇ ಶತಮಾನದ ಕೊನೆಯ ಹೊತ್ತಿಗೆ ಬಂದದ್ದು. 1930ರ ದಶಕದಲ್ಲಿ ಕಲ್ಕತ್ತಾದಲ್ಲಿ ಶುರುವಾದ ಉಷಾ, ಸಿಂಗರ್‌ನವರದೇ ಮೆರಿಟ್, ಲೂಧಿಯಾನದ ರೀಟಾ, ಹೆಸರೇ ಕೇಳದ ಇನ್ನೂ ಎಷ್ಟೋ ಕಪ್ಪು ಮಷೀನ್‌ಗಳ ಹೊಟ್ಟೆಯೊಳಗೆ ಇರುವುದು ಬಹುಮಟ್ಟಿಗೆ ಅದೇ ಮಾದರಿ. ಅದರ ಬಿಡಿಭಾಗಗಳು ಲೂಧಿಯಾನದಲ್ಲಿ ಇವತ್ತಿಗೂ ತಯಾರಾಗುತ್ತಿವೆ.

ಹಾಗಾಗಿ ಎರಡು ಮಾತು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ. ಮಷೀನಿನ ಮೇಲೆ ಬರೆದಿರುವ ಹೆಸರು ನೋಡಿ ಪಾರ್ಟ್ಸ್ ಹುಡುಕಬೇಡಿ, ಅದು ಯಾವ ಕ್ಲಾಸ್ ಎಂದು ನೋಡಿ ಹುಡುಕಿ. ಮತ್ತು ಪೂರ್ತಿ ಕ್ಲೀನ್ ಮಾಡಿ, ಹೊಸ ಸೂಜಿ ಹಾಕಿ ನೋಡುವವರೆಗೆ ಒಂದು ಪಾರ್ಟನ್ನೂ ಕೊಳ್ಳಬೇಡಿ.

ಕೆಳಗಿನ ಹಂತಗಳು ಕಾಲಿನಲ್ಲಿ ತುಳಿಯುವ ಅಥವಾ ಕೈಯಲ್ಲಿ ತಿರುಗಿಸುವ ಹಳೆಯ ಮಷೀನ್‌ಗಳಿಗೆ ಮಾತ್ರ. ಸರ್ಕ್ಯೂಟ್ ಬೋರ್ಡ್ ಇರುವ ಈಗಿನ ಮಷೀನ್‌ಗಳ ದಾರಿ ಬೇರೆ.

ಏನೇನು ಬೇಕು?

ಒಂದು ದೊಡ್ಡ, ಒಂದು ಚಿಕ್ಕ ಚಪ್ಪಟೆ ಬಾಯಿಯ ಸ್ಕ್ರೂಡ್ರೈವರ್. ಹೊಲಿಗೆ ಮಷೀನ್ ಎಣ್ಣೆ (ನೀರಿನಂತೆ ತೆಳ್ಳಗೆ, ಬಣ್ಣವಿಲ್ಲದೆ ಇರುತ್ತದೆ). ಸ್ವಲ್ಪ ಸೀಮೆಎಣ್ಣೆ. ಹಳೆಯ ಟೂತ್‌ಬ್ರಷ್, ಹಳೆಯ ಬನಿಯನ್ ಬಟ್ಟೆ, ಒಂದು ಚಿಮಟ. ಹೊಸ ಸೂಜಿಯ ಪ್ಯಾಕೆಟ್. ಫೋಟೋ ತೆಗೆಯಲು ಮೊಬೈಲ್. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಇಡಲು ಹಳೆಯ ಇಡ್ಲಿ ತಟ್ಟೆ ಇದ್ದರೆ ಬಹಳ ಅನುಕೂಲ. ಒಂದು ಗುಳಿಗೆ ಒಂದು ಜಾಗದ ಸ್ಕ್ರೂ.

ಸ್ಕ್ರೂಡ್ರೈವರ್ ಬಾಯಿ ಸ್ಕ್ರೂವಿನ ಸೀಳಿಗೆ ಸರಿಯಾಗಿ ಕೂರಬೇಕು. ಸಡಿಲ ಇದ್ದರೆ ಜಾರಿ ಸೀಳು ಕಿತ್ತುಹೋಗುತ್ತದೆ, ಆಮೇಲೆ ಆ ಸ್ಕ್ರೂ ಬಿಚ್ಚುವುದೇ ದೊಡ್ಡ ಕಷ್ಟ.

ಹಂತ 1: ಯಾವ ಕ್ಲಾಸ್ ಎಂದು ಗುರುತಿಸಿ

ಸೂಜಿಯ ಕೆಳಗಿರುವ ತಗಡನ್ನು ಸರಿಸಿ ಬಾಬಿನ್ ಎಲ್ಲಿದೆ ನೋಡಿ. ಬಾಬಿನ್ ಎಂದರೆ ಅಡಿದಾರ ಸುತ್ತುವ ಪುಟ್ಟ ಗಾಲಿ. ಅದನ್ನು ಹಿಡಿದಿಡುವ ಡಬ್ಬಿ ಬಾಬಿನ್ ಕೇಸ್. ಅದರ ಸುತ್ತ ಆಡುತ್ತಾ ಸೂಜಿಯ ದಾರವನ್ನು ಕೊಕ್ಕೆಯಿಂದ ಎಳೆದುಕೊಳ್ಳುವ ಭಾಗ ಶಟಲ್.

ಬಾಬಿನ್ ದುಂಡಗಿದ್ದು, ಕೇಸ್ ಸಮೇತ ಎಡಗಡೆಯಿಂದ ನಿಂತ ಭಂಗಿಯಲ್ಲಿ ಒಳಗೆ ಕೂರುತ್ತಿದ್ದರೆ ಅದು 15 ಕ್ಲಾಸ್. ನಮ್ಮ ಮನೆಗಳಲ್ಲಿರುವ ಕಪ್ಪು ಮಷೀನ್‌ಗಳಲ್ಲಿ ಜಾಸ್ತಿ ಇದೇ. ಪಾರ್ಟ್ಸ್ ಸುಲಭ.

ಬಾಬಿನ್ ದುಂಡಗಿದ್ದು ಮೇಲಿನಿಂದ ಮಲಗಿದ ಹಾಗೆ ಕೂರುತ್ತಿದ್ದರೆ ಅದು ಸಿಂಗರ್ 66, ಅಥವಾ ಅದರ ಪುಟ್ಟ ರೂಪವಾದ 99. ಬಾಬಿನ್ ಸಿಗುತ್ತದೆ, ಉಳಿದದ್ದಕ್ಕೆ ಸ್ವಲ್ಪ ಓಡಾಡಬೇಕು.

ಬಾಬಿನ್ ಉದ್ದ ಕಡ್ಡಿಯ ಹಾಗಿದ್ದು, ಎರಡೂ ತುದಿಯಲ್ಲಿ ಪುಟ್ಟ ತಟ್ಟೆ ಇದ್ದು, ಚೂಪು ಮೂತಿಯ ಉದ್ದನೆಯ ಶಟಲ್ ಒಳಗೆ ಕೂರುತ್ತಿದ್ದರೆ ಅದು ಸಿಂಗರ್ 27, 28, 127, 128 ಸಾಲಿನದು. ಇದು ಬಹಳ ಹಳೆಯ ಬಗೆ. ಬಹಳ ಚೆನ್ನಾಗಿ ಹೊಲಿಯುತ್ತದೆ, ಆದರೆ ಶಟಲ್ ಕಳೆದುಹೋಗಿದ್ದರೆ ಹುಡುಕಾಟ ಉದ್ದವಾಗುತ್ತದೆ.

ಸಿಂಗರ್ ಆದರೆ ಇನ್ನೊಂದು ಸುಳಿವಿದೆ. ಬಲಗಡೆ, ಕಂಬದ ಬುಡದಲ್ಲಿ ಒಂದೋ ಎರಡೋ ಇಂಗ್ಲಿಷ್ ಅಕ್ಷರ, ಅದರ ಮುಂದೆ ಉದ್ದ ಅಂಕಿ ಕೊರೆದಿರುತ್ತದೆ. ಎಣ್ಣೆ ಬಟ್ಟೆಯಿಂದ ಒರೆಸಿದರೆ ಕಾಣುತ್ತದೆ. ಎಫ್ ಅಥವಾ ವೈ ಅಕ್ಷರದಿಂದ ಶುರುವಾಗುವ ಮಷೀನ್‌ಗಳು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯವು. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. 15ಕೆ, 28ಕೆ, 66ಕೆ ಎನ್ನುವಲ್ಲಿನ ಕೆ ಅಕ್ಷರವೂ ಅದೇ ಕಾರ್ಖಾನೆಯ ಗುರುತು. ಸಿಂಗರ್ ನಂಬರಿನ ಪಟ್ಟಿಗಳು ಇಂಟರ್ನೆಟ್‌ನಲ್ಲಿ ಸಿಗುತ್ತವೆ, ಮಷೀನ್ ಯಾವ ಕಾಲದ್ದು ಎಂದು ಅಲ್ಲಿ ನೋಡಿಕೊಳ್ಳಬಹುದು.

ಒಂದು ಎಚ್ಚರಿಕೆ. ದರ್ಜಿಗಳು ಬಳಸುವ ಉದ್ದ ತೋಳಿನ 'ಟೈಲರ್ ಮಾಡೆಲ್' ಕೂಡ ನೋಡಲು ಮನೆ ಮಷೀನಿನ ಹಾಗೇ ಇರುತ್ತದೆ. ಕೆಲವಕ್ಕೆ ದುಂಡು ಬುಡದ ಸೂಜಿ ಬೇಕು, ಬಾಬಿನ್ನೂ ಬೇರೆ. ಈಗ ಇರುವ ಸೂಜಿಯನ್ನು ತೆಗೆದು ಅದರ ಬುಡ ನೋಡಿ. ಒಂದು ಕಡೆ ಚಪ್ಪಟೆ ಇದ್ದರೆ ಮನೆ ಮಷೀನ್ ಸೂಜಿ.

ಹಂತ 2: ಕ್ಲೀನ್ ಮಾಡಿ, ಎಣ್ಣೆ ಬಿಡಿ

ಇಡೀ ರಿಪೇರಿಯಲ್ಲಿ ಹೆಚ್ಚು ಸಮಯ ಕೊಡಬೇಕಾದ್ದು ಇಲ್ಲಿ. ಆದರೆ ಜನ ಆತುರ ಮಾಡುವುದೂ ಇಲ್ಲೇ.

ಮೊದಲು ಸೂಜಿ, ಬಾಬಿನ್ ಕೇಸ್, ಮೇಲಿನ ದಾರ ಎಲ್ಲ ತೆಗೆಯಿರಿ. ಸೂಜಿಯ ಕೆಳಗಿನ ಪ್ಲೇಟಿನ ಎರಡು ಸ್ಕ್ರೂ ಬಿಚ್ಚಿ ಪ್ಲೇಟ್ ಎತ್ತಿ. ಬಟ್ಟೆಯನ್ನು ಹಿಂದಕ್ಕೆ ಸರಿಸುವ ಹಲ್ಲುಗಳು ಕಾಣುತ್ತವೆ. ಆ ಹಲ್ಲುಗಳ ಸಂದಿಯಲ್ಲಿ ನೂಲಿನ ಧೂಳು ಎಣ್ಣೆ ಕುಡಿದು, ವರ್ಷಗಟ್ಟಲೆ ತುಳಿಸಿಕೊಂಡು, ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಬ್ರಷ್ಷಿಗೆ ಬರುವುದಿಲ್ಲ. ಚಿಮಟದಿಂದ ಒಂದು ಮೂಲೆ ಹಿಡಿದು ನಿಧಾನಕ್ಕೆ ಎಳೆದರೆ ಇಡೀ ಪಟ್ಟಿ ಎದ್ದು ಬರುತ್ತದೆ. ಬಟ್ಟೆ ಮುಂದೆ ಹೋಗ್ತಿಲ್ಲ ಎನ್ನುವ ದೂರು ಎಷ್ಟೋ ಸಲ ಇಲ್ಲಿಗೇ ಮುಗಿಯುತ್ತದೆ.

ಆಮೇಲೆ ಶಟಲ್. 15 ಕ್ಲಾಸ್‌ನಲ್ಲಿ ಶಟಲನ್ನು ಹಿಡಿದಿರುವ ಕೊಂಡಿ ಅಥವಾ ಸ್ಕ್ರೂ ಬಿಡಿಸಿದರೆ ಶಟಲ್ ಕೈಗೆ ಬರುತ್ತದೆ. ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ, ಅದು ಯಾವ ಕಡೆ ಮುಖ ಮಾಡಿತ್ತು ಎಂದು ಆಮೇಲೆ ಮರೆತುಹೋಗುತ್ತದೆ. ಶಟಲ್ ಓಡಾಡುವ ದುಂಡನೆಯ ಹಾದಿಯಲ್ಲಿ ಒಂದು ತುಂಡು ದಾರ ಸಿಕ್ಕಿಕೊಂಡಿದ್ದರೂ ಇಡೀ ಚಕ್ರ ಬಿಗಿಯಾಗುತ್ತದೆ. ಟಾರ್ಚ್ ಹಿಡಿದು ನೋಡಿ. ಎಂದೋ ಹೊಲಿದ ರವಿಕೆಯ ಕೆಂಪು ದಾರದ ಎಳೆ ಅಲ್ಲೇ ಸುತ್ತಿಕೊಂಡಿರಬಹುದು.

ಈಗ ಎಣ್ಣೆ. ಮೇಲಿನ ತೋಳಿನಲ್ಲಿರುವ ಎಣ್ಣೆ ತೂತುಗಳು, ಎಡಗಡೆಯ ಮುಖದ ತಗಡು ತೆಗೆದರೆ ಕಾಣುವ ಸೂಜಿ ಕಡ್ಡಿ ಮತ್ತು ಅದರ ಸಂದುಗಳು, ಮಷೀನನ್ನು ಹಿಂದಕ್ಕೆ ಒರಗಿಸಿದರೆ ಅಡಿಯಲ್ಲಿ ಕಾಣುವ ಆಡುವ ಭಾಗಗಳು, ಎಲ್ಲಕ್ಕೂ ಬಿಡಬೇಕು. ಲೋಹಕ್ಕೆ ಲೋಹ ಉಜ್ಜುವ ಪ್ರತಿ ಜಾಗಕ್ಕೆ ಒಂದೆರಡು ತೊಟ್ಟು. ಸ್ಟ್ಯಾಂಡ್ ಮರೆಯಬೇಡಿ. ತುಳಿಯುವ ಹಲಗೆಯ ಎರಡು ಕೀಲು, ಅಲ್ಲಿಂದ ದೊಡ್ಡ ಗಾಲಿಗೆ ಹೋಗುವ ಉದ್ದ ಕಡ್ಡಿಯ ಎರಡು ತುದಿ, ಗಾಲಿಯ ನಡು. ಎರಡು ಜಾಗಕ್ಕೆ ಮಾತ್ರ ಎಣ್ಣೆ ಬೇಡವೇ ಬೇಡ: ದಾರ ಬಿಗಿ ಹಿಡಿಯುವ ಟೆನ್ಶನ್ ತಟ್ಟೆಗಳು ಮತ್ತು ಬೆಲ್ಟ್.

ಚಕ್ರ ಪೂರ್ತಿ ಜಾಮ್ ಆಗಿದ್ದರೆ ಬಲ ಹಾಕಬೇಡಿ. ಹಳೆಯ ಎಣ್ಣೆ ಒಣಗಿ ಅಂಟಾಗಿರುತ್ತದೆ. ಎಲ್ಲ ಸಂದಿಗೂ ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ. ಮರುದಿನ ಚಕ್ರವನ್ನು ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ಅಲ್ಲಾಡಿಸಿ. ಬಿಡದಿದ್ದರೆ ಮತ್ತೆ ಸೀಮೆಎಣ್ಣೆ, ಮತ್ತೊಂದು ರಾತ್ರಿ. ತಾಳ್ಮೆ ಇದ್ದರೆ ಬಹುತೇಕ ಎಲ್ಲ ಮಷೀನೂ ಬಿಡುತ್ತದೆ. ಸೀಮೆಎಣ್ಣೆ ಸಿಗದಿದ್ದರೆ ಹಾರ್ಡ್‌ವೇರ್ ಅಂಗಡಿಯ ತುಕ್ಕು ಬಿಡಿಸುವ ಸ್ಪ್ರೇ ನಡೆಯುತ್ತದೆ. ಎರಡೂ ಅಂಟು ಬಿಡಿಸಲು ಮಾತ್ರ. ಬಿಟ್ಟ ಮೇಲೆ ಒರೆಸಿ, ಮಷೀನ್ ಎಣ್ಣೆ ಹಾಕಲೇಬೇಕು. ಸೀಮೆಎಣ್ಣೆ ಕೆಲಸ ಮಾಡುವಾಗ ಒಲೆ, ದೀಪ ಹತ್ತಿರ ಇರಬಾರದು, ಕಿಟಕಿ ತೆಗೆದಿರಲಿ.

ಈ ಹಂತದಲ್ಲಿ ನಮ್ಮ ಮನೆಗಳಲ್ಲಿ ಆಗುವ ಮೂರು ತಪ್ಪು:

ಕೊಬ್ಬರಿ ಎಣ್ಣೆ ಹಾಕುವುದು. ಕೈಗೆ ಸಿಗುವುದು ಅದೇ ಅಲ್ವಾ. ಆದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಬೆಂಗಳೂರಿನ ರಾತ್ರಿಗಳು ವರ್ಷದ ಬಹುಪಾಲು ಅದಕ್ಕಿಂತ ತಣ್ಣಗಿರುತ್ತವೆ. ಅಡುಗೆ ಎಣ್ಣೆ ಯಾವುದಾದರೂ ಕಾಲಕ್ರಮೇಣ ಅಂಟಾಗುವುದೇ. ಅಟ್ಟದಿಂದ ಇಳಿಸಿದ ಮಷೀನ್ ಜಾಮ್ ಆಗಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಎಣ್ಣೆ ತೂತಿನಲ್ಲಿ ಕುಂಕುಮ. ಆಯುಧ ಪೂಜೆಗೆ ಮಷೀನಿಗೆ ಅರಿಶಿನ, ಕುಂಕುಮ, ಗಂಧ ಇಡುತ್ತೇವೆ. ಇಡಲೇಬೇಕು. ಆದರೆ ತೋಳಿನ ಮೇಲ್ಭಾಗದಲ್ಲಿ ಇಟ್ಟರೆ ಅದು ಎಣ್ಣೆ ತೂತಿಗೆ ಇಳಿದು ಎಣ್ಣೆ ಜೊತೆ ಸೇರಿ ಬೆಣೆ ಹೊಡೆದಂತೆ ಕೂರುತ್ತದೆ. ತೂತು ಕಟ್ಟಿದ್ದರೆ ಸಣ್ಣ ತಂತಿಯಿಂದ ಮೇಲಕ್ಕೆ ಕೆದಕಿ ತೆಗೆಯಿರಿ, ಒಳಕ್ಕೆ ತಳ್ಳಬೇಡಿ. ಮುಂದಿನ ವರ್ಷದಿಂದ ಬೊಟ್ಟನ್ನು ಸ್ಟ್ಯಾಂಡಿಗೋ ಕಂಬದ ಬದಿಗೋ ಇಡಿ.

ಚಿನ್ನದ ಬಣ್ಣದ ಚಿತ್ತಾರ ಅಳಿಸಿಹಾಕುವುದು. ಹಳೆಯ ಸಿಂಗರ್‌ಗಳ ಹೂಬಳ್ಳಿಯ ಮೇಲೆ ಅರಗಿನ ಲೇಪ ಇರುತ್ತದೆ. ಸ್ಪಿರಿಟ್, ಥಿನ್ನರ್, ಸ್ಯಾನಿಟೈಸರ್ ಸೋಕಿದರೆ ಲೇಪ ಕರಗಿ ಚಿತ್ತಾರವೂ ಹೋಗುತ್ತದೆ. ಮತ್ತೆ ತರಲು ಆಗುವುದಿಲ್ಲ. ಹೊರಮೈಗೆ ಹತ್ತಿಯಲ್ಲಿ ಮಷೀನ್ ಎಣ್ಣೆ ಅದ್ದಿ ಮೆಲ್ಲಗೆ ಉಜ್ಜಿದರೆ ಸಾಕು.

ಹಂತ 3: ಹೊಸ ಸೂಜಿ ಹಾಕಿ ಹೊಲಿದು ನೋಡಿ

ಮನೆ ಮಷೀನಿನ ಸೂಜಿ ಪ್ಯಾಕೆಟ್ ಮೇಲೆ ಎಚ್‌ಎ×1, 15×1 ಅಥವಾ 130/705ಎಚ್ ಎಂದಿರುತ್ತದೆ. ಮೂರೂ ಒಂದೇ. ಮೇಲೆ ಹೇಳಿದ ಮೂರು ಬಗೆಗೂ ಇದೇ ಸೂಜಿ ನಡೆಯುತ್ತದೆ. ಸಾದಾ ಕಾಟನ್‌ಗೆ 14 ನಂಬರ್, ತೆಳು ಬಟ್ಟೆಗೆ 11, ಜೀನ್ಸ್ ತರಹದ ದಪ್ಪ ಬಟ್ಟೆಗೆ 16 ಅಥವಾ 18. ಆರ್ಗನ್, ಗ್ರೋಜ್ ಬೆಕರ್ಟ್‌ನಂಥ ಒಳ್ಳೆಯ ಕಂಪನಿಯದ್ದು ಕೊಳ್ಳಿ. ಸೂಜಿಯಲ್ಲಿ ಉಳಿಸುವ ದುಡ್ಡು ಉಳಿತಾಯವೇ ಅಲ್ಲ.

ಸೂಜಿಯ ಒಂದು ಬದಿಗೆ ಉದ್ದಕ್ಕೂ ಗೀರು ಇರುತ್ತದೆ, ಎದುರು ಬದಿ ಬುಡದಲ್ಲಿ ಚಪ್ಪಟೆ. ಶಟಲ್ ಕೊಕ್ಕೆ ಯಾವ ಬದಿಯಿಂದ ಸೂಜಿಯನ್ನು ಸವರಿಕೊಂಡು ಹೋಗುತ್ತದೋ ಆ ಬದಿಗೆ ಚಪ್ಪಟೆ ಇರಬೇಕು. ದಾರವನ್ನು ಗೀರಿರುವ ಬದಿಯಿಂದ ಪೋಣಿಸಬೇಕು. ಇದು ತಿರುಗುಮುರುಗಾದರೆ ಮಷೀನ್ ಹೊಲಿಯುವುದೇ ಇಲ್ಲ. ಸೂಜಿಯ ಬುಡ ಮೇಲಕ್ಕೆ ಪೂರ್ತಿ ತಾಗಿದ ಮೇಲೇ ಸ್ಕ್ರೂ ಬಿಗಿ ಮಾಡಿ.

ದಾರ ಹಾಕುವಾಗ ಬಟ್ಟೆ ಒತ್ತುವ ಪಾದ ಮೇಲೆತ್ತಿರಲಿ. ಆಗ ಮಾತ್ರ ಟೆನ್ಶನ್ ತಟ್ಟೆಗಳು ಬಾಯಿ ಬಿಟ್ಟು ದಾರ ಒಳಗೆ ಇಳಿಯುತ್ತದೆ. 15 ಕ್ಲಾಸ್‌ನಲ್ಲಿ ಪಾದ ಇಳಿಸಿ ದಾರ ಎಳೆದರೆ ಬಿಗಿ ಸಿಗಬೇಕು, ಎತ್ತಿ ಎಳೆದರೆ ಸಲೀಸಾಗಿ ಬರಬೇಕು.

ಹೊಲಿಯಲು ಶುರು ಮಾಡುವಾಗ ಎರಡು ದಾರದ ತುದಿಯನ್ನೂ ಹಿಂದಕ್ಕೆ ಹಿಡಿದುಕೊಳ್ಳಿ. ಚಕ್ರ ಯಾವಾಗಲೂ ನಿಮ್ಮ ಕಡೆಗೇ ತಿರುಗಬೇಕು. ಪೆಡಲ್ ತುಳಿಯುವಾಗ ಉಲ್ಟಾ ತಿರುಗಿದರೆ ದಾರ ಒಳಗೆ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಮೊದಲ ಸುತ್ತನ್ನು ಕೈಯಿಂದ ಕೊಡಿ. ಹಳೆಯ ಎಷ್ಟೋ ಮಷೀನ್‌ಗಳಿಗೆ ಹಿಂದಕ್ಕೆ ಹೊಲಿಯುವ ವ್ಯವಸ್ಥೆಯೇ ಇಲ್ಲ. ಅದು ಕೆಟ್ಟಿದೆ ಎಂದು ತಿಳಿಯಬೇಡಿ.

ಹಂತ 4: ದೋಷ ಎಲ್ಲಿದೆ ಎಂದು ಪತ್ತೆ ಮಾಡಿ

ಬಟ್ಟೆಯ ಕೆಳಗಡೆ ದಾರ ಗುಂಗುರು ಗುಂಗುರಾಗಿ ಬಂದರೆ ತಪ್ಪು ಮೇಲಿನ ದಾರದ್ದು. ಜನ ಬಾಬಿನ್ ಕೇಸನ್ನು ಬಯ್ಯುತ್ತಾರೆ, ಅದನ್ನೇ ಹೊಸದು ತರುತ್ತಾರೆ. ಬೇಡ. ದಾರ ತೆಗೆದು ಮತ್ತೆ ಪೋಣಿಸಿ, ಟೆನ್ಶನ್ ತಟ್ಟೆಗಳ ನಡುವೆ ಬಟ್ಟೆಯ ಅಂಚು ಎಳೆದು ಕಸ ತೆಗೆಯಿರಿ. ಆಗಲೂ ಹೋಗದಿದ್ದರೆ ತಟ್ಟೆಗಳ ಪಕ್ಕದ ತೆಳು ತಂತಿ ಸ್ಪ್ರಿಂಗ್ ನೋಡಿ. ದಾರವನ್ನು ಪ್ರತಿ ಹೊಲಿಗೆಗೂ ಹಿಂದಕ್ಕೆ ಜಗ್ಗುವುದು ಅದೇ. ಬಾಗಿದ್ದರೆ ಅಥವಾ ಮುರಿದಿದ್ದರೆ ಹೊಸದು ಬೇಕು.

ಗುಂಗುರು ಮೇಲ್ಗಡೆ ಬಂದರೆ ಬಾಬಿನ್ ಕೇಸ್ ನೋಡಿ. 15 ಕ್ಲಾಸ್ ಕೇಸಿನ ಹೊರಮೈಯಲ್ಲಿ ಒಂದು ಪುಟ್ಟ ತಗಡಿನ ಸ್ಪ್ರಿಂಗ್, ಅದರ ಮೇಲೆ ಸಾಸಿವೆ ಗಾತ್ರದ ಸ್ಕ್ರೂ ಇರುತ್ತದೆ. ದಾರದ ತುದಿ ಹಿಡಿದು ಕೇಸನ್ನು ನೇತುಹಾಕಿ. ತಾನಾಗಿ ಸರ್ರನೆ ಇಳಿದರೆ ಸಡಿಲ. ಮೆಲ್ಲಗೆ ಜಗ್ಗಿದಾಗ ಸ್ವಲ್ಪ ಇಳಿದು ನಿಂತರೆ ಸರಿ. ಸ್ಕ್ರೂವನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ. ಬಿದ್ದರೆ ಸಿಗುವುದಿಲ್ಲ, ಕೆಳಗೆ ಬಿಳಿ ಬಟ್ಟೆ ಹಾಸಿಕೊಂಡು ಕೂರಿ.

ಹೊಲಿಗೆ ಬಿಟ್ಟು ಬಿಟ್ಟು ಬಂದರೆ ಮತ್ತೆ ಸೂಜಿಯನ್ನೇ ನೋಡಿ: ಬಾಗಿದೆಯಾ, ಕೆಳಗಿಳಿದಿದೆಯಾ, ತಿರುಗಿದೆಯಾ. ಎಲ್ಲ ಸರಿ ಇದ್ದರೂ ಬಿಡುತ್ತಿದ್ದರೆ ಆಗ ಟೈಮಿಂಗ್ ಅನುಮಾನ ಪಡಿ. ಟೈಮಿಂಗ್ ಎಂದರೆ ಸೂಜಿ ಮತ್ತು ಶಟಲ್ ಕೊಕ್ಕೆ ಸರಿಯಾದ ಗಳಿಗೆಯಲ್ಲಿ ಸಂಧಿಸುವುದು. ಚಕ್ರ ಕೈಯಲ್ಲಿ ತಿರುಗಿಸಿ. ಸೂಜಿ ತೀರ ಕೆಳಗೆ ಹೋಗಿ, ಎರಡು ಮಿಲಿಮೀಟರಿನಷ್ಟು ಮೇಲೆ ಬಂದಾಗ ಕೊಕ್ಕೆಯ ತುದಿ ಸೂಜಿ ಕಣ್ಣಿನ ಸ್ವಲ್ಪ ಮೇಲೆ ಬಂದಿರಬೇಕು. ಹಾಗಿಲ್ಲದಿದ್ದರೆ ಮೆಕ್ಯಾನಿಕ್ ಹತ್ತಿರ ಹೋಗಿ.

ದಾರ ಪದೇ ಪದೇ ತುಂಡಾಗುತ್ತಿದ್ದರೆ ಉಗುರಿನ ತುದಿಯನ್ನು ಶಟಲ್ ಕೊಕ್ಕೆಯ ಮೇಲೆ, ಸೂಜಿ ಪ್ಲೇಟಿನ ತೂತಿನ ಅಂಚಿನ ಮೇಲೆ ಮೆಲ್ಲಗೆ ಆಡಿಸಿ. ಉಗುರು ಎಲ್ಲಿ ತಡೆಯುತ್ತದೋ ಅಲ್ಲಿ ದಾರವೂ ತಡೆಯುತ್ತದೆ. ಅತಿ ನಯವಾದ ಎಮರಿ ಕಾಗದದಲ್ಲಿ ಆ ಮುಳ್ಳು ಹೋಗುವಷ್ಟು ಮಾತ್ರ ಉಜ್ಜಿ. ಒರಟು ಉಪ್ಪುಕಾಗದ ಹತ್ತಿರವೂ ತರಬೇಡಿ.

ಚಕ್ರ ತಿರುಗುತ್ತಿದೆ, ಸೂಜಿ ಅಲ್ಲಾಡುತ್ತಿಲ್ಲ ಎಂದರೆ ಹೆದರಬೇಡಿ. ಚಕ್ರದ ನಡುವಿನ ದೊಡ್ಡ ತಿರುಪು ಸಡಿಲ ಆಗಿದೆ ಅಷ್ಟೇ. ಬಾಬಿನ್ ಸುತ್ತುವಾಗ ಸೂಜಿ ಆಡದಿರಲಿ ಎಂದು ಇರುವ ವ್ಯವಸ್ಥೆ ಅದು.

ಹಂತ 5: ಬೆಂಗಳೂರಿನಲ್ಲಿ ಎಲ್ಲಿ ಹುಡುಕುವುದು?

ಸೂಜಿ, ಎಣ್ಣೆ, 15 ಕ್ಲಾಸ್ ಬಾಬಿನ್, ಬಾಬಿನ್ ಕೇಸ್, ಬೆಲ್ಟ್ ಇಷ್ಟೇ ಬೇಕಿದ್ದರೆ ಪೇಟೆಗೆ ಹೋಗುವ ಅಗತ್ಯವೇ ಇಲ್ಲ. ನಿಮ್ಮ ಏರಿಯಾದಲ್ಲಿ ದಾರ, ಗುಂಡಿ, ಜಿಪ್ ಮಾರುವ ಟೈಲರಿಂಗ್ ಮೆಟೀರಿಯಲ್ ಅಂಗಡಿಯಲ್ಲೇ ಕೇಳಿ. ಮಲ್ಲೇಶ್ವರ, ಗಾಂಧಿಬಜಾರ್, ಜಯನಗರ 4ನೇ ಬ್ಲಾಕ್ ಕಡೆ ಇರುವವರು ಅಲ್ಲಿಂದ ಶುರು ಮಾಡಿ.

ಅದಕ್ಕಿಂತ ಒಳಗಿನ ಭಾಗಗಳು ಬೇಕಾದರೆ ಚಿಕ್ಕಪೇಟೆ ಸುತ್ತಮುತ್ತ ಹೋಗಬೇಕು. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ನಡೆದೇ ಹುಡುಕಿ, ಆ ಗಲ್ಲಿಗಳಿಗೆ ಗಾಡಿ ತರಬೇಡಿ. ದೊಡ್ಡ ಶೋರೂಮ್‌ಗಿಂತ ಬಾಗಿಲಲ್ಲಿ ರಿಪೇರಿಗೆ ಬಿಚ್ಚಿಟ್ಟ ಮಷೀನ್ ಇರುವ ಸಣ್ಣ ಅಂಗಡಿ ನಿಮಗೆ ಬೇಕಾದ್ದು. ಹಳೆಯ ಪಾರ್ಟ್ಸ್ ತುಂಬಿದ ಡಬ್ಬಗಳು ಇರುವುದು ಅಂಥವರ ಹತ್ತಿರ. ವಾರದ ದಿನ, ಬೆಳಗ್ಗೆ ಗಿರಾಕಿ ಕಡಿಮೆ ಇರುವಾಗ ಹೋದರೆ ಡಬ್ಬ ಸುರಿದು ಹುಡುಕಿ ಕೊಡುವ ಪುರುಸೊತ್ತು ಅವರಿಗೂ ಇರುತ್ತದೆ.

ಕೈಬೀಸಿಕೊಂಡು ಹೋಗಬೇಡಿ. ಹಳೆಯ ಪಾರ್ಟ್ ಮುರಿದಿದ್ದರೂ ಅದನ್ನೇ ಕವರಿನಲ್ಲಿ ಹಾಕಿಕೊಂಡು ಹೋಗಿ. ಜೊತೆಗೆ ಮಷೀನಿನ ಫೋಟೋ: ಎದುರಿನಿಂದ ಒಂದು, ತಗಡು ತೆಗೆದು ಬಾಬಿನ್ ಜಾಗದ್ದು ಒಂದು, ನಂಬರಿನದು ಒಂದು. "ಸಿಂಗರ್ ಪಾರ್ಟ್ ಇದೆಯಾ?" ಎಂದು ಕೇಳಿದರೆ "ಇಲ್ಲ" ಎಂದೇ ಉತ್ತರ ಬರುತ್ತದೆ. "ಅಣ್ಣಾ, 15 ಕ್ಲಾಸ್ ಮಷೀನ್, ಇದೇ ತರಹದ್ದು ಬೇಕು" ಎಂದು ಕೈಗೆ ಕೊಡಿ. ಒಮ್ಮೆ ತಿರುಗಿಸಿ ನೋಡಿದರೆ ಅವರಿಗೆ ಗೊತ್ತಾಗುತ್ತದೆ.

ಕೊಳ್ಳುವ ಮುಂಚೆ ಅಂಗಡಿಯಲ್ಲೇ ಹೀಗೆ ನೋಡಿ.

ಬಾಬಿನ್: 15 ಕ್ಲಾಸ್ ಬಾಬಿನ್‌ನ ಎರಡು ಬದಿಯೂ ಚಪ್ಪಟೆ, ಅಗಲ ಸುಮಾರು 20 ಮಿಲಿಮೀಟರ್, ಎತ್ತರ 11ರಿಂದ 12. ಸಿಂಗರ್ 66ರ ಬಾಬಿನ್ ಬದಿ ಸ್ವಲ್ಪ ಉಬ್ಬಿರುತ್ತದೆ. ಒಂದರ ಜಾಗದಲ್ಲಿ ಇನ್ನೊಂದು ಕೂರಿಸಬೇಡಿ. ಪೀಣ್ಯ, ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ ಫ್ಯಾಕ್ಟರಿಗಳ ಪವರ್ ಮಷೀನ್ ಬಾಬಿನ್ ಊರೆಲ್ಲ ಸಿಗುತ್ತದೆ. ಅಗಲ ಹೆಚ್ಚುಕಡಿಮೆ ಇಷ್ಟೇ, ಎತ್ತರ ಕಡಿಮೆ. ಮನೆ ಮಷೀನಿಗೆ ಆಗುವುದಿಲ್ಲ.

ಬಾಬಿನ್ ಕೇಸ್: ಇದರ ಮೇಲೊಂದು ಪುಟ್ಟ ಬೆರಳಿನಂಥ ಭಾಗ ಚಾಚಿಕೊಂಡಿರುತ್ತದೆ. ಕೆಲವದರಲ್ಲಿ ಅದು ಗಡಿಯಾರದ 11 ಗಂಟೆಯ ಕಡೆಗೆ, ಕೆಲವದರಲ್ಲಿ 1 ಗಂಟೆಯ ಕಡೆಗೆ ಇರುತ್ತದೆ. ಎರಡನ್ನೂ 15 ಕ್ಲಾಸ್ ಎಂದೇ ಮಾರುತ್ತಾರೆ. ನಿಮ್ಮದು ಯಾವುದೋ ಅದೇ ತರಬೇಕು. ಆನ್‌ಲೈನ್‌ನಲ್ಲಿ ಕೊಂಡು ನಿರಾಶರಾದವರ ದೂರುಗಳಲ್ಲಿ ಇದು ಮುಖ್ಯವಾದದ್ದು.

ಬಟ್ಟೆ ಸರಿಸುವ ಹಲ್ಲು ಮತ್ತು ಸೂಜಿ ಪ್ಲೇಟ್: ಸ್ಕ್ರೂ ತೂತುಗಳ ನಡುವಿನ ಅಂತರ, ಹಲ್ಲಿನ ಸಾಲುಗಳು ಎರಡೂ ಹೊಂದಬೇಕು. ಹಳೆಯದರ ಬೆನ್ನಿಗೆ ಹೊಸದರ ಬೆನ್ನು ಹಚ್ಚಿ ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ.

ಉದ್ದ ಶಟಲ್: ಹೊಸದಾಗಿ ತಯಾರಾದದ್ದರ ಮೂತಿ ಕೆಲವೊಮ್ಮೆ ಒರಟಾಗಿರುತ್ತದೆ. ಬೆರಳಾಡಿಸಿ ನೋಡಿ. ಹಳೆಯ ಅಸಲಿ ಸಿಕ್ಕರೆ ಗೀರು ಬಿದ್ದಿದ್ದರೂ ಅದನ್ನೇ ತೆಗೆದುಕೊಳ್ಳಿ.

ಸ್ಕ್ರೂ: ಹಾರ್ಡ್‌ವೇರ್ ಸಾಮಾನಿಗೆ ಎಸ್‌ಪಿ ರಸ್ತೆ ಹೆಸರುವಾಸಿ, ಸ್ಕ್ರೂಡ್ರೈವರ್, ಎಮರಿ ಕಾಗದ, ರಬ್ಬರ್ ರಿಂಗ್ ಅಲ್ಲಿ ತನ್ನಿ. ಆದರೆ ಮಷೀನಿನ ಸ್ಕ್ರೂ ಅಲ್ಲಿ ಹುಡುಕಬೇಡಿ. ಹಳೆಯ ಸಿಂಗರ್ ಸ್ಕ್ರೂಗಳ ಮರೆ, ಅಂದರೆ ಸುರುಳಿ ಗೀರು, ಆ ಕಂಪನಿಯದೇ ಅಳತೆಯದು. ಸಾಮಾನ್ಯ ಸ್ಕ್ರೂ ಎರಡು ಸುತ್ತು ಹೋಗಿ ಬಿಗಿಯಾಗುತ್ತದೆ. ಅಲ್ಲಿಂದ ಬಲ ಹಾಕಿದರೆ ಮಷೀನಿನ ಮೈಯಲ್ಲಿರುವ ಮರೆಯೇ ಹಾಳು.

ಎಲ್ಲೂ ಸಿಗದಿದ್ದರೆ ಕೊನೆಯ ದಾರಿ, ಅದೇ ಕ್ಲಾಸಿನ ಇನ್ನೊಂದು ಕೆಟ್ಟ ಮಷೀನ್ ಕೊಂಡು ಅದರಿಂದ ಪಾರ್ಟ್ಸ್ ತೆಗೆಯುವುದು. ಚಿಕ್ಕಪೇಟೆ ಕಡೆಯ ಸಂಡೇ ಬಜಾರ್, ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಕಣ್ಣಾಡಿಸಿ. ಬಾಬಿನ್ ತಗಡು ಸರಿಸಿ ಒಳಗೆ ಶಟಲ್ ಇದೆಯಾ ನೋಡದೆ ದುಡ್ಡು ಕೊಡಬೇಡಿ, ಮೊದಲು ಮಾಯವಾಗುವುದು ಅದೇ. ಸರಿಸುವ ತಗಡುಗಳೂ ಇದ್ದರೆ ಅದೃಷ್ಟ. ತಲೆ ಭಾಗವೇ ಹತ್ತು ಕಿಲೋಗಿಂತ ಜಾಸ್ತಿ ತೂಗುತ್ತದೆ, ಗಟ್ಟಿ ಚೀಲ ಇರಲಿ. ಆದರೆ ಒಂದು ವಿನಂತಿ. ಕೊಂಡದ್ದು ನಿಮ್ಮದಕ್ಕಿಂತ ಚೆನ್ನಾಗಿದ್ದರೆ ಅದನ್ನು ಬಿಚ್ಚಿ ಹಾಳು ಮಾಡಬೇಡಿ, ಅದನ್ನೇ ಸರಿಪಡಿಸಿ.

ಹಂತ 6: ಹೊಸ ಪಾರ್ಟ್ ಕೂರಿಸುವುದು

ಹಳೆಯ ಸ್ಕ್ರೂ ಬಿಚ್ಚದಿದ್ದರೆ ಎಣ್ಣೆ ಬಿಟ್ಟು ಕಾಯಿರಿ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ತುಕ್ಕಿನ ಹಿಡಿತ ಹಾಗೆ ಬಿಡುತ್ತದೆ.

ಟೆನ್ಶನ್ ಬಿಚ್ಚುವವರು ಒಂದೊಂದು ಭಾಗ ತೆಗೆದಾಗಲೂ ಫೋಟೋ ತೆಗೆಯಿರಿ. ಎರಡು ತಟ್ಟೆಗಳ ಉಬ್ಬಿದ ಮುಖಗಳು ಒಂದಕ್ಕೊಂದು ಎದುರಾಗಿ ಕೂರಬೇಕು. ಹಾಗಿದ್ದರೆ ಮಾತ್ರ ದಾರ ಅಂಚಿನಿಂದ ಜಾರಿ ನಡುವೆ ಇಳಿಯುತ್ತದೆ.

ಚಕ್ರದ ನಡುವಿನ ತಿರುಪು ತೆಗೆದರೆ ಒಳಗೆ ಮೂರು ಕಿವಿಯ ವಾಷರ್ ಇರುತ್ತದೆ. ಅದರ ಒಳಗಡೆ ಎರಡು ಪುಟ್ಟ ನಾಲಿಗೆ ಬಾಗಿರುತ್ತವೆ, ಅವು ಹೊರಗೆ, ನಿಮ್ಮ ಕಡೆ ಮುಖ ಮಾಡಬೇಕು. ಜೋಡಿಸಿದ ಮೇಲೆ ತಿರುಪು ಸಡಿಲಿಸಿದರೂ ಸೂಜಿ ನಿಲ್ಲುತ್ತಿಲ್ಲ, ಅಥವಾ ಬಿಗಿ ಮಾಡಿದರೂ ಸೂಜಿ ಆಡುತ್ತಿಲ್ಲ ಎಂದಾದರೆ ವಾಷರ್ ತೆಗೆದು ಅರ್ಧ ಸುತ್ತು ತಿರುಗಿಸಿ ಕೂರಿಸಿ. ಸರಿಹೋಗುತ್ತದೆ. ಇಷ್ಟಕ್ಕಾಗಿ ಮಷೀನನ್ನು ಆಟೋದಲ್ಲಿ ಹೊತ್ತುಕೊಂಡು ಹೋದವರು ಎಷ್ಟೋ ಜನ.

ಪೆಡಲ್ ಬೆಲ್ಟ್ ಸುಮಾರು 5 ಮಿಲಿಮೀಟರ್ ದಪ್ಪದ ದುಂಡು ಚರ್ಮದ್ದು. ಎರಡೂ ಗಾಲಿಗೆ ಸುತ್ತಿ ಅಳತೆ ಗುರುತು ಹಾಕಿ, ತುದಿಗೆ ತೂತು ಕೊರೆದು, ಜೊತೆಗೆ ಬರುವ ತಂತಿ ಕ್ಲಿಪ್ಪಿನಿಂದ ಸೇರಿಸಿ. ತೀರಾ ಬಿಗಿ ಬೇಡ, ಪೆಡಲ್ ಭಾರವಾಗುತ್ತದೆ. ಹೊಸ ಚರ್ಮ ಕೆಲವು ವಾರದಲ್ಲಿ ಹಿಗ್ಗುತ್ತದೆ, ಆಗ ಸ್ವಲ್ಪ ಕತ್ತರಿಸಿ ಮತ್ತೆ ಸೇರಿಸಿ.

ಬಾಬಿನ್ ಸುತ್ತುವ ಪುಟ್ಟ ಚಕ್ರದ ರಬ್ಬರ್ ಒಣಗಿ ಕಲ್ಲಾಗಿದ್ದರೆ ಅದೇ ಅಳತೆಯ ಓ ರಿಂಗ್ ಹಾಕಿ, ನಡೆಯುತ್ತದೆ.

ಹಂತ 7: ಯಾವಾಗ ಮೆಕ್ಯಾನಿಕ್ ಬೇಕು?

ಟೈಮಿಂಗ್ ತಪ್ಪಿದ್ದರೆ, ಸೂಜಿ ಕಡ್ಡಿ ಬಾಗಿದ್ದರೆ, ಮೈಯಲ್ಲಿ ಬಿರುಕಿದ್ದರೆ, ಸ್ಕ್ರೂ ತಲೆ ಮುರಿದು ಒಳಗೇ ಉಳಿದಿದ್ದರೆ ಮೆಕ್ಯಾನಿಕ್ ಕೈಗೆ ಕೊಡಿ. ಮೋಟರ್ ಜೋಡಿಸಿದ ಮಷೀನ್ ಆದರೆ ಪ್ಲಗ್ ಹಾಕುವ ಮುಂಚೆ ವೈರ್ ನೋಡಿ. ಬಾಗಿಸಿದಾಗ ಹೊರಕವಚ ಬಿರುಕು ಬಿಟ್ಟರೆ ಪ್ಲಗ್ ಹಾಕಲೇಬೇಡಿ. ಎಲೆಕ್ಟ್ರಿಷಿಯನ್ ಹತ್ತಿರ ಪೂರ್ತಿ ವೈರ್ ಬದಲಾಯಿಸಿ. ಕಬ್ಬಿಣದ ಮೈಗೆ ಕರೆಂಟ್ ಬಂದರೆ ಜೀವಕ್ಕೆ ಅಪಾಯ.

ಒಳ್ಳೆಯ ಮೆಕ್ಯಾನಿಕ್ ಬೇಕಾದರೆ ನಿಮ್ಮ ಬೀದಿಯ ಟೈಲರ್‌ನನ್ನೇ ಕೇಳಿ. ಅವರ ಹೊಟ್ಟೆಪಾಡು ಮಷೀನ್ ಮೇಲಿದೆ, ಕೈಗುಣ ಚೆನ್ನಾಗಿರುವವರು ಯಾರೆಂದು ಅವರಿಗೆ ಗೊತ್ತು. ಮನೆಗೇ ಬರುವವರು ಸಿಕ್ಕರೆ ಒಳ್ಳೆಯದು, ಎದುರಲ್ಲೇ ಕೂತು ನೋಡಿ ಕಲಿಯಬಹುದು. ಬದಲಾಯಿಸಿದ ಹಳೆಯ ಪಾರ್ಟ್ ವಾಪಸ್ ಕೊಡಲು ಮೊದಲೇ ಹೇಳಿ. ಅಂಗಡಿಯಲ್ಲಿ ಬಿಟ್ಟುಬರುವುದಾದರೆ ನಂಬರಿನ ಫೋಟೋ, ಶಟಲ್ ಮತ್ತು ಬಾಬಿನ್ ಕೇಸಿನ ಫೋಟೋ ತೆಗೆದಿಟ್ಟುಕೊಳ್ಳಿ. ಹಳೆಯ ಅಸಲಿ ಶಟಲ್ ಬದಲು ಹೊಸದು ಬಂದರೆ ಆಗ ಕೇಳಬಹುದು. "ಹಳೇದು ಕೊಟ್ಟು ಹೊಸ ಮಷೀನ್ ತಗೊಳ್ಳಿ" ಎನ್ನುವ ಮಾತಿಗೆ ತಕ್ಷಣ ಒಪ್ಪಬೇಡಿ. ಇನ್ನೊಬ್ಬರಿಗೆ ತೋರಿಸಿ ನೋಡಿ.

ಸರಿಯಾದ ಮೇಲೆ

ದಿನಾ ಹೊಲಿಯುವವರು ವಾರಕ್ಕೊಮ್ಮೆ ಎಣ್ಣೆ ಬಿಡಿ, ಎಂದಾದರೊಮ್ಮೆ ಹೊಲಿಯುವವರು ತಿಂಗಳಿಗೊಮ್ಮೆ. ಎಣ್ಣೆ ಬಿಟ್ಟ ಮೇಲೆ ಹಳೆಯ ಬಟ್ಟೆಯ ಮೇಲೆ ದಾರವಿಲ್ಲದೆ ಸ್ವಲ್ಪ ಹೊತ್ತು ಓಡಿಸಿ, ಹೆಚ್ಚಾದ ಎಣ್ಣೆ ಆ ಬಟ್ಟೆಗೇ ಹೋಗಲಿ. ಪ್ಲೇಟ್ ತೆಗೆದು ಧೂಳು ಕ್ಲೀನ್ ಮಾಡುವುದನ್ನು ಹಬ್ಬದ ಹೊಲಿಗೆ ಮುಗಿದ ಮೇಲೆ ತಪ್ಪದೆ ಮಾಡಿ. ಬಳಸದೆ ಇಡುವಾಗ ಪಾದದ ಕೆಳಗೆ ಒಂದು ತುಂಡು ಬಟ್ಟೆ ಇಟ್ಟು ಇಳಿಸಿ, ಬೆಲ್ಟನ್ನು ಗಾಲಿಯಿಂದ ಜಾರಿಸಿಡಿ. ಮುಚ್ಚಲು ಪ್ಲಾಸ್ಟಿಕ್ ಕವರ್ ಬೇಡ, ಮಳೆಗಾಲದಲ್ಲಿ ಒಳಗೆ ತೇವ ಕಟ್ಟುತ್ತದೆ. ಹಳೆಯ ಕಾಟನ್ ಸೀರೆಯ ತುಂಡಿನಿಂದ ಒಂದು ಮುಸುಕು ಹೊಲಿದುಕೊಳ್ಳಿ. ಸರಿಮಾಡಿದ ಮಷೀನಿನ ಹೊಲಿಗೆ ಹೇಗೆ ಬರುತ್ತಿದೆ ಎಂದು ಅದರಲ್ಲೇ ಗೊತ್ತಾಗುತ್ತದೆ.